ಗುರುತಿನವರ ಮುಂದೆ ಜಾರುವ ಮಾಸ್ಕ್

ಅಕ್ಕಾ,

ನನಗೆ 44 ವರ್ಷ. ದಾವಣಗೆರೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಇಟ್ಟುಕೊಂಡಿದ್ದೆ ಅನ್ನಬೇಕೇನೋ. ಏಪ್ರಿಲ್ ಕೊನೆಯಲ್ಲಿ ಎಳೆದ ಶಟರ್ ಇನ್ನೂ ಎತ್ತಿಲ್ಲ. ಮನೆಯಲ್ಲಿ ನಮ್ಮೆಜಮಾನರು, ಡಿಗ್ರಿ ಓದುವ ಮಗಳು, 73 ವರ್ಷದ ಅತ್ತೆ. ಅತ್ತೆಗೆ ಶುಗರ್, ಬಿ.ಪಿ. ಎರಡೂ ಇವೆ.

ಈ ಸಲ, 2021ರ ಯುಗಾದಿ ಮುಗಿದ ಭಾನುವಾರ ಭಾವನವರು ಮನೆಗೆ ಬಂದು ಊಟ ಮಾಡಿ ಹೋದರು. ನಾನೇ ಬಡಿಸಿದ್ದು. ನಾಲ್ಕನೇ ದಿನಕ್ಕೆ ಅವರಿಗೆ ಜ್ವರ ಬಂತು, ಕೋವಿಡ್. ಮೇ ಮೊದಲ ವಾರ ಆಸ್ಪತ್ರೆಯಿಂದ ಫೋನ್ ಬಂತು. ಮುಖ ನೋಡಲಿಕ್ಕೂ ಆಗಲಿಲ್ಲ. ಆ ಭಾನುವಾರಕ್ಕೆ ಎರಡು ದಿನ ಮುಂಚೆ ನನಗೆ ಗಂಟಲು ಕೆರೆತವಿತ್ತು ಅಕ್ಕಾ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಅವತ್ತಿನಿಂದ, ಲಸಿಕೆಗೆ ಹೋದ ಒಂದು ದಿನ ಬಿಟ್ಟರೆ, ಹೊಸ್ತಿಲು ದಾಟಿಲ್ಲ. ತರಕಾರಿಯನ್ನು ಸೋಪಿನಪುಡಿ ನೀರಿನಲ್ಲಿ ನೆನೆಸಿ ತೊಳೆಯುತ್ತೇನೆ. ಹಾಲಿನ ಪ್ಯಾಕೆಟ್ಟು ತೊಳೆಯುತ್ತೇನೆ. ನೋಟುಗಳಿಗೆ ಇಸ್ತ್ರಿ ಹಾಕುತ್ತೇನೆ. ಎಜಮಾನರು ಅಂಗಡಿಯಿಂದ ಬಂದರೆ ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಬರಬೇಕು. ಕೈ ತೊಳೆದು ತೊಳೆದು ಬೆರಳ ಸಂದು ಒಡೆದಿದೆ, ಸೂಜಿ ಹಿಡಿದರೆ ಉರಿ. "ಎಷ್ಟು ದಿನ ಅಂತ ಹಿಂಗೆ?" ಅಂತ ಅವರು ರೇಗುತ್ತಾರೆ. ಮಗಳ ಕಾಲೇಜು ಶುರುವಾಗಿದೆ, ಸಿಟಿ ಬಸ್ಸಿನಲ್ಲಿ ಹೋಗಬೇಕು. ಶ್ರಾವಣದಲ್ಲಿ ಚಿತ್ರದುರ್ಗದಲ್ಲಿ ನಮ್ಮಣ್ಣನ ಮಗಳ ಮದುವೆ. ಸೋದರತ್ತೆ ನಾನು, ಆರತಿ ಎತ್ತಬೇಕಾದವಳು. ಹೋಗದಿದ್ದರೆ ತವರಿನವರ ಕಣ್ಣಲ್ಲಿ ಕೆಟ್ಟವಳು. ಹೋಗಿ ಅತ್ತೆಗೆ ಏನಾದರೂ ತಂದುಕೊಟ್ಟರೆ? ಅತ್ತೆಗೆ ಲಸಿಕೆ ಎರಡು ಡೋಸ್ ಆಗಿದೆ, ನನಗೆ ಜೂನ್‌ನಲ್ಲಿ ಒಂದಾಗಿದೆ. ನನಗೆ ಹುಚ್ಚು ಹಿಡಿದಿದೆಯೋ, ಊರಿನವರಿಗೆಲ್ಲ ಹಿಡಿದಿದೆಯೋ ಗೊತ್ತಾಗುತ್ತಿಲ್ಲ.

ಇದರ ಜೊತೆ ನಾನು ಹೊಲಿದ ಮಾಸ್ಕೊಂದು ಇಟ್ಟಿದ್ದೇನೆ. ಹೊಸದು, ತೊಳೆದದ್ದು. ಹೆದರದೆ ಹಾಕಿಕೊಳ್ಳಿ.

ಹೆಸರು ಬೇಡ, ದಾವಣಗೆರೆ

ತಂಗೀ,

ನಿಮ್ಮ ಮಾಸ್ಕ್ ಹಾಕಿಕೊಂಡೇ ಈ ಉತ್ತರ ಬರೆಯಲು ಕುಳಿತೆ. ಬ್ಲೌಸ್ ಪೀಸಿನಲ್ಲಿ ಉಳಿದ ಬಟ್ಟೆಯಿರಬೇಕು, ಅಂಚಿನಲ್ಲಿ ಚೂರು ಜರಿ ಇಣುಕುತ್ತಿದೆ. ಅದರ ವಿಚಾರ ಕೊನೆಗೆ ಹೇಳುತ್ತೇನೆ, ಟೈಲರಿಗೆ ಒಂದು ದೂರೂ ಇದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮದುವೆಯ ಮಾತಲ್ಲ, ಸೋಪಿನಪುಡಿಯೂ ಅಲ್ಲ. ಆ ಗಂಟಲು ಕೆರೆತದ ಒಂದು ಸಾಲು. ಮೂರು ತಿಂಗಳು ಅದನ್ನು ಹೊಟ್ಟೆಯೊಳಗಿಟ್ಟುಕೊಂಡು ಭಾವನವರ ತಾಯಿಗೆ ದಿನಾ ಅನ್ನ ಬಡಿಸುತ್ತಿದ್ದೀರಿ. ಮೊದಲು ಅದನ್ನೇ ಮಾತಾಡೋಣ.

ಈ ಸೋಂಕು ಮೈ ಹೊಕ್ಕ ಮೇಲೆ ಲಕ್ಷಣ ತೋರಿಸಲು ಸಾಮಾನ್ಯವಾಗಿ ಐದಾರು ದಿನ ಬೇಕು. ಎರಡೇ ದಿನಕ್ಕೂ ತೋರಬಹುದು, ಹದಿನಾಲ್ಕು ದಿನವೂ ಹಿಡಿಯಬಹುದು. ಭಾವನವರಿಗೆ ನಿಮ್ಮ ಮನೆಯ ಊಟದ ನಾಲ್ಕನೇ ದಿನಕ್ಕೆ ಜ್ವರ ಬಂತು ಎಂದರೆ, ಅದಕ್ಕೆ ಹಿಂದಿನ ಎರಡು ವಾರದಲ್ಲಿ ಅವರು ಹೋದ ಅಂಗಡಿ, ಕ್ಷೌರದ ಕುರ್ಚಿ, ಯುಗಾದಿಯ ಓಡಾಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎರಡನೇ ಅಲೆಯ ಆ ಏಪ್ರಿಲ್‌ನಲ್ಲಿ ಊರು ಹೇಗಿತ್ತು ಎಂಬುದು ನಿಮಗೂ ನೆನಪಿದೆ. ನಿಮ್ಮಿಂದ ಬಂದಿಲ್ಲ ಎಂದು ನಾನು ಆಣೆ ಮಾಡಲಾರೆ. ನಿಮ್ಮಿಂದಲೇ ಬಂತು ಎಂದು ನೀವೂ ಆಣೆ ಮಾಡಲಾರಿರಿ. ಪರೀಕ್ಷೆ ಮಾಡಿಸದ ಒಂದು ಗಂಟಲು ಕೆರೆತಕ್ಕೆ ನೀವೇ ಪೊಲೀಸು, ನೀವೇ ಜಡ್ಜು ಆಗಿ ಶಿಕ್ಷೆಯನ್ನೂ ಬರೆದುಕೊಂಡಿದ್ದೀರಿ. ಆ ಶಿಕ್ಷೆಯೇ ಹಿತ್ತಲ ಸ್ನಾನ, ನೋಟಿನ ಇಸ್ತ್ರಿ, ಒಡೆದ ಬೆರಳು.

ಇದನ್ನು ಎಜಮಾನರಿಗೆ ಹೇಳಿ. ಇವತ್ತೇ, ಮಗಳು ಕಾಲೇಜಿಗೆ ಹೋದ ಮೇಲೆ. "ನನಗೆ ಹಿಂಗೊಂದು ಕೊರಗಿದೆ" ಎಂದರೆ ಸಾಕು. ಅವರು ಕಳೆದುಕೊಂಡದ್ದು ಒಡಹುಟ್ಟಿದವರನ್ನು, ಅವರೊಳಗೂ ಇಂಥದ್ದೊಂದು ಇದ್ದೀತು. ರೇಗುವ ಗಂಡಸರಲ್ಲಿ ಅರ್ಧಕ್ಕರ್ಧ ಜನ ಅಳಲು ಜಾಗ ಸಿಗದವರು, ಇದು ನನ್ನ ಮೂವತ್ತು ವರ್ಷದ ಲೆಕ್ಕ.

ಇನ್ನು ಹೊರಗೆ ಹೋಗುವ ವಿಚಾರ. ನಿಮಗೆ ಹುಚ್ಚು ಹಿಡಿದಿಲ್ಲ. ಹೆದರಿಕೆ ನ್ಯಾಯವಾದದ್ದೇ, ಕುಳಿತ ಜಾಗ ಮಾತ್ರ ತಪ್ಪಿದೆ. ಕಾಯಿಲೆ ಬರುವ ಬಾಗಿಲು ಬಿಟ್ಟು ಬೇರೆ ಬಾಗಿಲಿಗೆ ಕಾವಲು ಕೂತಿದ್ದೀರಿ. ತಪ್ಪು ನಿಮ್ಮದಲ್ಲ. ಕಳೆದ ವರ್ಷ ನಮಗೆಲ್ಲ ಮೊದಲು ಹೇಳಿಕೊಟ್ಟದ್ದೇ ಕೈ ತೊಳೆಯಿರಿ, ಮುಟ್ಟಬೇಡಿ, ಬಾಗಿಲ ಚಿಲಕ ಒರೆಸಿ ಎಂದು. ಸಣ್ಣ ಹನಿಗಳಾಗಿ ಗಾಳಿಯಲ್ಲಿ ತೇಲಿ ಬರುವುದೇ ದೊಡ್ಡ ದಾರಿ ಎಂಬ ಮಾತು ಆಮೇಲೆ ಗಟ್ಟಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಿಡಿಸಿ ಬರೆದದ್ದೇ ಈ ವರ್ಷದ, ಅಂದರೆ 2021ರ, ಏಪ್ರಿಲ್ ಕೊನೆಗೆ. ಅದೇ ತಿಂಗಳು ಅಮೆರಿಕದ ಸಿ.ಡಿ.ಸಿ., ಅಂದರೆ ಅಲ್ಲಿಯ ರೋಗ ನಿಯಂತ್ರಣ ಕೇಂದ್ರ, ವೈರಸ್ ಕೂತ ವಸ್ತುವನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದಿತು. ನಾವಾಗ ಆಕ್ಸಿಜನ್ ಹುಡುಕುತ್ತ ಓಡುತ್ತಿದ್ದೆವು, ಇದನ್ನೆಲ್ಲ ಓದುವ ಪುರುಸೊತ್ತು ಯಾರಿಗಿತ್ತು?

ಹಾಗಾಗಿ ಸೋಪಿನಪುಡಿ ಬಟ್ಟೆಗೇ ಇರಲಿ, ತರಕಾರಿಗೆ ಹರಿಯುವ ನೀರು ಸಾಕು. ಸೋಪು ಹೊಟ್ಟೆಗೆ ಹೋಗುವುದೇ ಹೆಚ್ಚಿನ ಅಪಾಯ. ನೋಟಿಗೆ ಇಸ್ತ್ರಿ ಬೇಡ. ಎಜಮಾನರು ಬಂದ ತಕ್ಷಣ ಕೈ, ಮುಖ ತೊಳೆದರೆ ಆಯಿತು. ಆಷಾಢದ ಗಾಳಿಯಲ್ಲಿ ಹಿತ್ತಲಲ್ಲಿ ನೆನೆಸಿ ನಿಲ್ಲಿಸಿದರೆ ನಡುಗುತ್ತಾರೆ, ಸೀನುತ್ತಾರೆ, ಆ ಸೀನಿಗೆ ನೀವು ಮೂರು ದಿನ ನಿದ್ದೆಗೆಡುತ್ತೀರಿ. ನಿಮ್ಮ ಕೈ ತೊಳೆಯುವುದನ್ನೂ ಲೆಕ್ಕಕ್ಕೆ ತನ್ನಿ. ಹೊರಗಿಂದ ಬಂದಾಗ, ಊಟಕ್ಕೆ ಮುಂಚೆ, ಅಡುಗೆಗೆ ಮುಂಚೆ, ಶೌಚದ ಮೇಲೆ, ಸೋಪು ಹಚ್ಚಿ ಇಪ್ಪತ್ತು ಎಣಿಸುವಷ್ಟು ಹೊತ್ತು. ಉಳಿದ ಹೊತ್ತು ಕೊಬ್ಬರಿ ಎಣ್ಣೆ ಹಚ್ಚಿ ಬೆರಳಿಗೆ ವಿರಾಮ ಕೊಡಿ.

ಗಾಳಿಯ ಲೆಕ್ಕ ನಿಮಗೆ ಹೇಳಿಕೊಡುವುದು ಸುಲಭ, ಏಕೆಂದರೆ ಅಡುಗೆಮನೆಯಲ್ಲಿ ಅದು ದಿನಾ ನಡೆಯುತ್ತದೆ. ಒಣಮೆಣಸಿನಕಾಯಿ ಹುರಿಯುವಾಗ ಘಾಟು ಏಳುತ್ತದಲ್ಲ? ಹೊರಬಾಗಿಲು ಹಾಕಿದ್ದರೆ ಹಾಲ್‌ನಲ್ಲಿ ಟಿ.ವಿ. ನೋಡುತ್ತಿರುವ ಅತ್ತೆಯೂ ಕೆಮ್ಮುತ್ತಾರೆ. ಅವರೇನು ಒಲೆಯ ಮುಂದೆ ನಿಂತಿರಲಿಲ್ಲ, ಬಾಣಲೆ ಮುಟ್ಟಿರಲಿಲ್ಲ. ಅದೇ ಹುರಿಯುವುದನ್ನು ಅಂಗಳದಲ್ಲಿ ಮಾಡಿದರೆ ಪಕ್ಕದಲ್ಲೇ ನಿಂತವರಿಗೆ ಒಂದಿಷ್ಟು ಘಾಟು ಬಡಿದೀತು, ಅಷ್ಟೆ. ಸೋಂಕಿದ್ದವರ ಉಸಿರು ಆ ಘಾಟಿನಂತೆ. ಮಾತಾಡಿದರೆ ಹೆಚ್ಚು, ಕೂಗಿದರೆ ಹಾಡಿದರೆ ಇನ್ನೂ ಹೆಚ್ಚು. ಆರು ಅಡಿಯ ಗೆರೆ ಎಳೆದರೆ ಘಾಟು ಗೆರೆ ನೋಡಿ ನಿಲ್ಲುವುದಿಲ್ಲ. ಕಿಟಕಿ ತೆರೆದಿದೆಯೇ, ಒಳಗೆ ಎಷ್ಟು ಜನ, ಎಷ್ಟು ಹೊತ್ತು, ಬಾಯಿ ತೆರೆದಿದೆಯೋ ಮುಚ್ಚಿದೆಯೋ. ಎಲ್ಲಿಗೇ ಹೋಗಬೇಕಾದರೂ ಇಷ್ಟು ಕೇಳಿಕೊಳ್ಳಿ.

ಇದಕ್ಕೆ ಎರಡು ನಿದರ್ಶನ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಎಂಬಲ್ಲಿ 2020ರ ಮಾರ್ಚ್ 10ರ ಸಂಜೆ ಒಂದು ಗಾಯನ ತಂಡ ಅಭ್ಯಾಸಕ್ಕೆ ಸೇರಿತ್ತು. ನಮ್ಮ ಭಜನಾ ಮಂಡಳಿಯಿದ್ದ ಹಾಗೆ ಎಂದುಕೊಳ್ಳಿ. 61 ಜನ, ಎರಡೂವರೆ ಗಂಟೆ. ಒಬ್ಬರಿಗೆ ನೆಗಡಿಯಂಥದ್ದೇನೋ ಇತ್ತು. ಕೊನೆಗೆ ಆ ಗುಂಪಿನಲ್ಲಿ ಕಾಯಿಲೆ ಬಿದ್ದವರು 53, ಕೆಲವರದು ಪರೀಕ್ಷೆಯಲ್ಲಿ ಖಚಿತವಾದದ್ದು, ಉಳಿದವರದು ಲಕ್ಷಣ ನೋಡಿ ತಿಳಿದದ್ದು. ಇಬ್ಬರು ತೀರಿಕೊಂಡರು. ಚೀನಾದ ಗುವಾಂಗ್‌ಝೌ ಊರಿನ ಹೋಟೆಲೊಂದರಲ್ಲಿ ಅದೇ ವರ್ಷದ ಜನವರಿ 24ರ ಮಧ್ಯಾಹ್ನ ಮೂರು ಸಂಸಾರಗಳು ಅಕ್ಕಪಕ್ಕದ ಮೇಜುಗಳಲ್ಲಿ ಊಟಕ್ಕೆ ಕೂತಿದ್ದವು. ಒಂದೇ ಎ.ಸಿ.ಯ ಗಾಳಿ ಆ ಮೂರು ಮೇಜಿನ ಮೇಲೆ ಸುತ್ತುತ್ತಿತ್ತು, ಕಿಟಕಿ ಇರಲಿಲ್ಲ. ಆ ಮೂರು ಸಂಸಾರದ ಹತ್ತು ಜನಕ್ಕೆ ಸೋಂಕಾಯಿತು. ಆ ಗಾಳಿಯ ಸುತ್ತಿನ ಹೊರಗಿದ್ದ ಉಳಿದ ಗಿರಾಕಿಗಳಿಗೂ ತಟ್ಟೆ ಎತ್ತಿದ ಹುಡುಗರಿಗೂ ಏನೂ ಆಗಲಿಲ್ಲ. ತಟ್ಟೆ ಎತ್ತಿದವರಿಗೆ ಆಗಲಿಲ್ಲ ಎಂಬುದನ್ನು ಇನ್ನೊಮ್ಮೆ ಓದಿ, ಹಾಲಿನ ಪ್ಯಾಕೆಟ್ಟು ತೊಳೆಯುವ ಮುಂಚೆ.

ಈಗ ನನ್ನ ಕಥೆ. ಇಂಥ ಅಂಕಣ ಬರೆಯುವವಳಿಗೇ ಆದದ್ದು.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ನಂಟರೊಬ್ಬರ ಮನೆಗೆ ಮಾತಾಡಿಸಿಕೊಂಡು ಬರಲು ಹೋದೆ. ಮನೆಯಿಂದ ಹೊರಟಾಗ ಮೂಗು ಬಾಯಿ ಮುಚ್ಚಿ, ಬೀದಿಯಲ್ಲಿ ಒಂಟಿಯಾಗಿ ನಡೆಯುವಾಗಲೂ ಇಳಿಸದೆ, ಎದುರು ಬಂದ ಹೂವಿನ ಹುಡುಗನಿಗೆ ಆಚೆ ಸರಿದುಕೊಂಡು, ಬಹಳ ಶಿಸ್ತಿನಿಂದ ಹೋದೆ. ಬಾಗಿಲಲ್ಲಿ ಸ್ಯಾನಿಟೈಸರ್ ಹಾಕಿಸಿಕೊಂಡೆ. ಒಳಗೆ ಹನ್ನೊಂದು ಜನ ಇದ್ದೆವು. ಸೊಳ್ಳೆ ಎಂದು ಕಿಟಕಿ ಹಾಕಿದ್ದರು. ಕಾಫಿ ಬಂತು. "ನಮ್ಮವರೇ ಅಲ್ವಾ, ತೆಗೀರಿ" ಎಂದರು ಯಾರೋ. ಮಾಸ್ಕ್ ಗದ್ದಕ್ಕಿಳಿಯಿತು. ಕಾಫಿ ಐದು ನಿಮಿಷಕ್ಕೆ ಮುಗಿಯಿತು, ಮಾತು ಒಂದೂವರೆ ಗಂಟೆ ನಡೆಯಿತು, ಮಾಸ್ಕ್ ಗದ್ದದಲ್ಲೇ ಇತ್ತು. ವಾರದೊಳಗೆ ನಮ್ಮಲ್ಲಿ ನಾಲ್ವರು ಮಲಗಿದೆವು. ಮೂರು ವಾರ ನನಗೆ ಇಂಗಿನ ಒಗ್ಗರಣೆಯ ವಾಸನೆ ಹತ್ತಲಿಲ್ಲ. ಅದೃಷ್ಟಕ್ಕೆ ಅಷ್ಟಕ್ಕೇ ಮುಗಿಯಿತು.

ಹೂವಿನ ಹುಡುಗನಿಗೆ ಹೆದರಿ ಸರಿದವಳು ನಂಟರ ಹಾಲ್‌ನಲ್ಲಿ ನಿಶ್ಚಿಂತೆಯಿಂದ ಕುಳಿತದ್ದು ಯಾಕೆ? ನಾವೆಲ್ಲ ಮಾಡುವುದು ಇದೇ. ಈ 2021ರಲ್ಲಿ ಮಹಾನಗರಪಾಲಿಕೆ ಊರುಗಳಲ್ಲಿ ಮಾಸ್ಕಿಲ್ಲದಿದ್ದರೆ 250 ರೂಪಾಯಿ ದಂಡ, ಹಾಗಾಗಿ ಸರ್ಕಲ್ಲಿನಲ್ಲಿ ಪೊಲೀಸರನ್ನು ಕಂಡರೆ ಏರಿಸುತ್ತೇವೆ. ಗುರುತಿನವರನ್ನು ಕಂಡರೆ ಇಳಿಸುತ್ತೇವೆ, ಹಾಕಿಕೊಂಡೇ ಮಾತಾಡಿದರೆ ಅವರನ್ನು ಸಂಶಯಿಸಿದಂತೆ ಎಂಬ ಸಂಕೋಚ. ಹಳೇ ಕಾಲದಲ್ಲಿ ಹಿರಿಯರ ಮುಂದೆ ಚಪ್ಪಲಿ ಬಿಡುತ್ತಿದ್ದಂತೆ ಈಗ ಮಾಸ್ಕ್ ತೆಗೆಯುವುದು ಮರ್ಯಾದೆಯಾಗಿಬಿಟ್ಟಿದೆ! ವೈರಸ್ಸಿಗೆ ನಂಟಸ್ತಿಕೆ ಗೊತ್ತಿಲ್ಲ, ಆದರೆ ನಂಟಸ್ತಿಕೆಯ ಜಾಡು ಹಿಡಿದೇ ಅದು ಓಡಾಡುತ್ತದೆ. ಸಂತೆಯಲ್ಲಿ ಅರೆನಿಮಿಷ ಎದುರಾಗುವ ಅಪರಿಚಿತರಿಗಿಂತ, ಮುಚ್ಚಿದ ಕೋಣೆಯಲ್ಲಿ ಎರಡು ತಾಸು ಎದುರು ಕೂರುವ ಚಿಕ್ಕಪ್ಪನ ಮಗನಿಗೇ ನಾವು ಹೆಚ್ಚು ಹುಷಾರಾಗಿರಬೇಕು. ನನಗೆ ಈ ಕಾಯಿಲೆ ಕಲಿಸಿದ್ದು ಇದೊಂದೇ, ನಿಮಗೆ ನಾನು ಹೇಳಬೇಕಾದ್ದೂ ಇದೇ.

ಮುಚ್ಚಿದ ಕೋಣೆ ಹೀಗಾದರೆ, ಹೊರಗಿನ ಬಯಲು ನಿಮ್ಮ ಪರವಾಗಿದೆ. 1898ರಲ್ಲಿ ಪ್ಲೇಗ್ ಬೆಂಗಳೂರಿಗೆ ಬಂದ ಮೇಲೆ ನಮ್ಮ ಸೀಮೆಯಲ್ಲಿ ಎಷ್ಟೋ ವರ್ಷ ಇಲಿ ಬಿದ್ದರೆ ಊರು ಬಿಡುತ್ತಿದ್ದರು, ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ನಿಮ್ಮ ಅತ್ತೆಯೂ ತಮ್ಮ ಅಜ್ಜಿಯ ಬಾಯಲ್ಲಿ ಕೇಳಿರುತ್ತಾರೆ. ಅದು ಇಲಿಯ ಚಿಗಟದ ರೋಗ, ಕಾರಣವೇ ಬೇರೆ. ಆದರೂ ಕಾಯಿಲೆ ಬಂದಾಗ ಬಯಲಿಗೆ ಹೋಗುವುದು ಅವರಿಗೆ ತಿಳಿದಿತ್ತು, ಬಯಲಿಗೆ ಹೆದರಿ ಬಾಗಿಲು ಹಾಕಿಕೊಂಡು ಕೂರುವುದು ನಮ್ಮ ಕಾಲದ್ದು.

ಹಾಗಾದರೆ ನಾಳೆ ಬೆಳಿಗ್ಗೆ ಹೊಸ್ತಿಲು ದಾಟಿ. ಮೊದಲ ದಿನ ಯಾವ ಕೆಲಸವೂ ಬೇಡ, ಮನೆ ಮುಂದೆ ನೀವೇ ರಂಗೋಲಿ ಹಾಕಿ, ಬೀದಿಯ ಕೊನೆಯವರೆಗೆ ಹೋಗಿ ಬನ್ನಿ. ಎದೆ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳಲಿ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಇಳಿಯುವ ಮುಂಚೆ ಒಳಗೆ ಓಡಿ ಬಂದರೆ ಮಾತ್ರ ನಾಳೆ ಇನ್ನಷ್ಟು ಹೊಡೆದುಕೊಳ್ಳುತ್ತದೆ. ಬಂದ ಮೇಲೆ ಕೈ ಒಮ್ಮೆ ತೊಳೆಯಿರಿ, ಎರಡನೇ ಸಲ ತೊಳೆಯಬೇಕು ಎನಿಸಿದಾಗ ಕಾಜ ಹಾಕುವ ಕೆಲಸ ಹಿಡಿದು ಕೂತುಬಿಡಿ. ಮೂರನೇ ದಿನ ಮೂಲೆಯ ಅಂಗಡಿ. ವಾರದ ಕೊನೆಗೆ ಸಂತೆ, ಬೆಳಿಗ್ಗೆ ಬೇಗ, ಜನ ಸೇರುವ ಮುಂಚೆ. ತೆರೆದ ಸಂತೆಯೇ ಎ.ಸಿ. ಹಾಕಿದ ಸೂಪರ್ ಮಾರ್ಕೆಟ್ಟಿಗಿಂತ ಮೇಲು, ಸೊಪ್ಪೂ ತಾಜಾ. ಎರಡು ಮೂರು ವಾರ ಹೀಗೆ ಮಾಡಿಯೂ ಹೆದರಿಕೆ ಒಂದಿಂಚೂ ಜಗ್ಗದಿದ್ದರೆ, ನಿದ್ದೆ ಊಟ ಎರಡೂ ಕೆಟ್ಟಿದ್ದರೆ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಮತ್ತೆ ಮತ್ತೆ ತೊಳೆಯುವುದಕ್ಕೂ ಮದ್ದಿದೆ, ಅದರಲ್ಲಿ ನಾಚಿಕೆ ಏನಿಲ್ಲ.

ಬ್ಯಾಂಕು, ಎ.ಟಿ.ಎಂ. ಇವಕ್ಕೆಲ್ಲ ಒಂದೇ ಮಾತು, ಒಳಗಿದ್ದವರು ಹೊರಗೆ ಬರುವವರೆಗೆ ಹೊರಗೇ ನಿಲ್ಲಿ. ಅತ್ತೆಯನ್ನು ಶುಗರ್ ತೋರಿಸಲು ಕರೆದೊಯ್ಯುವಾಗ ಮಾತ್ರ ಸ್ವಲ್ಪ ಹಠ ಬೇಕು. ಕ್ಲಿನಿಕ್ಕಿನ ಬೆಂಚಿನಷ್ಟು ಕೆಟ್ಟ ಜಾಗ ಊರಿನಲ್ಲಿ ಇನ್ನೊಂದಿಲ್ಲ. ಕೆಮ್ಮುವವರೆಲ್ಲ ಅಲ್ಲೇ, ಇಕ್ಕಟ್ಟು ಅಲ್ಲೇ. ಕಾಂಪೌಂಡರ್ ಹತ್ತಿರ ಚೀಟಿ ಬರೆಸಿ, ನಿಮ್ಮ ಫೋನ್ ನಂಬರ್ ಕೊಟ್ಟು, "ನಮ್ಮ ಸರದಿ ಬಂದಾಗ ಕೂಗಿ, ಹೊರಗೆ ಮರದ ಕೆಳಗೆ ಇರ್ತೀವಿ" ಎನ್ನಿ. ಆಟೋದಲ್ಲಿ ಮಳೆಗೆ ಇಳಿಬಿಟ್ಟ ಪರದೆಯನ್ನು ಒಂದು ಕಡೆಯಾದರೂ ಎತ್ತಿಸಿ, ಸೀರೆ ನಾಲ್ಕು ಹನಿ ನೆನೆದರೆ ನೆನೆಯಲಿ. ಬೆಣ್ಣೆ ದೋಸೆ ತಿನ್ನಬೇಕೆನಿಸಿದರೆ ಕಟ್ಟಿಸಿಕೊಂಡು ಬನ್ನಿ. ಕಟ್ಟಿಸಿದ ದೋಸೆ ಮೆತ್ತಗಾಗುತ್ತದೆ, ಅದು ನನಗೂ ಗೊತ್ತು. ಹಾಗಿದ್ದರೆ ಹೋಟೆಲಿನ ಹೊರಗೆ ನಿಂತು ತಿನ್ನಿ, ಒಳಗೆ ಮೇಜಿಗೆ ಕಾಯುತ್ತ ಮಾತ್ರ ಬೇಡ.

ಮಗಳಿಗೆ ಹೇಳಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗಾಜು ಸರಿಸಲಿ. ತುಂಬಿದ ಬಸ್ಸು ಬಿಟ್ಟು ಹಿಂದೆ ಬರುವುದಕ್ಕೆ ಹತ್ತು ನಿಮಿಷ ಕಾಯುವುದಾದರೆ ಕಾಯಲಿ. ಬಸ್ಸಿನಲ್ಲಿ ಫೋನಿನಲ್ಲಿ ಹರಟುವುದು ಬೇಡ. ಅವಳ ನಿಜವಾದ ಅಪಾಯ ಬಸ್ಸಲ್ಲ, ಮೂರು ತಿಂಗಳ ಮೇಲೆ ಸಿಕ್ಕ ಗೆಳತಿಯರ ಜೊತೆ ಒಂದೇ ಡಬ್ಬಿಯಲ್ಲಿ ಕೈ ಹಾಕಿ ಉಣ್ಣುವುದು. ಬೇಡ ಎಂದರೆ ಕೇಳುವ ವಯಸ್ಸಲ್ಲ. "ಮೈದಾನದಲ್ಲಿ ಕೂತು ಉಣ್ಣಿ" ಎನ್ನಿ, ಅದಕ್ಕೆ ಒಪ್ಪುತ್ತಾಳೆ.

ನಿಮ್ಮ ಅಂಗಡಿಯನ್ನೂ ತೆರೆಯಿರಿ. ಮಿಷನ್ನನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಳ್ಳಿ. ಟೇಬಲ್ ಫ್ಯಾನು ನಿಮ್ಮ ಬೆನ್ನ ಹಿಂದಿನಿಂದ ಬೀದಿಯ ಕಡೆಗೆ ಬೀಸಲಿ, ಗಿರಾಕಿಯ ಉಸಿರು ಒಳಕ್ಕೆ ಬಾರದೆ ಆಚೆ ಹೋಗುತ್ತದೆ. ಸಾಧ್ಯವಾದಷ್ಟೂ ಅಳತೆ ಬ್ಲೌಸ್ ತರಿಸಿಕೊಳ್ಳಿ. ಟೇಪು ಹಿಡಿಯಲೇಬೇಕಾದರೆ ಎದುರು ನಿಲ್ಲದೆ ಪಕ್ಕಕ್ಕೆ, ಬೆನ್ನ ಕಡೆಗೆ ನಿಂತು ಹಿಡಿಯಿರಿ, ಆ ಎರಡು ನಿಮಿಷ ಇಬ್ಬರೂ ಮಾತು ನಿಲ್ಲಿಸಿ. ಸೆರಗು ಬಾಯಿಗೆ ಹಿಡಿದು ಬಂದವರಿಗೆ ಕೊಡಲು ನಾಲ್ಕು ಮಾಸ್ಕ್ ಮೊಳೆಗೆ ನೇತುಹಾಕಿರಿ. ಸೆರಗು ಲಜ್ಜೆಗೆ ಸರಿ, ಗಾಳಿಗೆ ಸಾಲದು.

ಮದುವೆಗೆ ಬರೋಣ.

2021ರ ಈ ಜುಲೈಯಿಂದ ಛತ್ರದಲ್ಲಿ ನೂರು ಜನಕ್ಕೆ ಸರ್ಕಾರದ ಅನುಮತಿಯಿದೆ. ನಿಮ್ಮಣ್ಣ ನೂರೆಂದು ಬರೆದುಕೊಟ್ಟು ಎಷ್ಟು ಎಲೆ ಹಾಕಿಸುತ್ತಾರೋ ಅವರಿಗೇ ಗೊತ್ತು. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಈ ವರ್ಷ ಒಂದು ಸಾವಿನ ಮುಖ ನೋಡಲಾಗದವರು ಒಂದು ಮದುವೆಯ ಮುಖವನ್ನಾದರೂ ನೋಡಬೇಕು. ಆದರೆ ನಿಮ್ಮ ಎರಡನೇ ಡೋಸಿಗೆ ಇನ್ನೂ ದಿನ ಬರಬೇಕು, ಅಂದರೆ ಮದುವೆ ದಿನಕ್ಕೆ ಒಂದೇ ಡೋಸಿನ ಅರ್ಧಂಬರ್ಧ ರಕ್ಷಣೆ. ಈ ವರ್ಷ ಓಡಾಡುತ್ತಿರುವ ಡೆಲ್ಟಾ ಎಂಬ ಕೋವಿಡ್ ತಳಿಗೆ ಅದು ಸಾಲದು. ಅತ್ತೆಗೆ ಎರಡಾಗಿರುವುದು ದೊಡ್ಡ ಸಮಾಧಾನ, ಕಾಯಿಲೆ ಬಂದರೂ ವಿಪರೀತಕ್ಕೆ ಹೋಗುವ ಸಂಭವ ಬಹಳ ತಗ್ಗುತ್ತದೆ. ಬರುವುದೇ ಇಲ್ಲ ಎಂದಲ್ಲ. ಹಾಗಾಗಿ ಅತ್ತೆ ಮನೆಯಲ್ಲೇ ಇರಲಿ, ನೀವು ಹೋಗಿ, ಲೆಕ್ಕ ಹಾಕಿ ಹೋಗಿ.

ಮದುವೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಪಾಯದ್ದು ಯಾವುದು ಗೊತ್ತೇ? ಮುಹೂರ್ತವಲ್ಲ, ಟೆಂಪೋ ಟ್ರಾವೆಲರ್. ಹದಿನಾಲ್ಕು ಜನ ನಂಟರು, ಹಾಕಿದ ಗಾಜು, ಒಂದೂವರೆ ತಾಸು, ಅಂತ್ಯಾಕ್ಷರಿ. ಸ್ಕ್ಯಾಗಿಟ್ ಕಥೆಯನ್ನು ಚಕ್ರದ ಮೇಲೆ ಇಟ್ಟ ಹಾಗೆ. ನೀವಿಬ್ಬರೂ ಬೈಕಿನಲ್ಲಿ ಹೋಗಿ, ಇಲ್ಲವೇ ಕೆ.ಎಸ್.ಆರ್.ಟಿ.ಸಿ. ಬಸ್ಸಿನ ಕಿಟಕಿ ಪಕ್ಕ ಕೂತು ಹೋಗಿ. ಎರಡನೆಯದು ಊಟದ ಹಾಲ್. ಮೂರನೆಯದು ವಧುವಿನ ಕೋಣೆ, ಹೆಂಗಸರೆಲ್ಲ ಕನ್ನಡಿ ಮುಂದೆ ಬಾಗಿಲು ಹಾಕಿಕೊಂಡು ಸೇರುವ ಆ ಹತ್ತಡಿಯ ಕೋಣೆ. ಅಲ್ಲಿಗೆ ಇಣುಕಿ ನೋಡಿ, ಸೊಗಸಾಗಿದ್ದೀಯ ಎಂದು ಹೇಳಿ, ಹೊರಗೆ ಬನ್ನಿ. ಆರತಿ ಎತ್ತುವಾಗ ಮಾಸ್ಕ್ ಇರಲಿ, ಫೋಟೋದವನು ತೆಗೆಯಿರಿ ಎನ್ನುತ್ತಾನೆ, ತೆಗೆಯಬೇಡಿ. ಆ ಮಾಸ್ಕ್ ಸೀರೆಯ ಬಣ್ಣಕ್ಕೇ ಹೊಲಿದುಕೊಂಡರೆ ಫೋಟೋಕ್ಕೂ ಚೆನ್ನ.

ಅಣ್ಣನ ಹತ್ತಿರ ಈಗಲೇ ಮಾತಾಡಿ, ಮದುವೆ ದಿನ ಅಲ್ಲ. ಸರ್ಕಾರದ ನಿಯಮ ಓದಿ ಹೇಳಿದರೆ ಗಂಡಿನ ಕಡೆಯವರ ಹೆಸರು ಹೇಳಿ ಜಾರಿಕೊಳ್ಳುತ್ತಾನೆ. ತಂಗಿಯಾಗಿ ಕೇಳಿ. "ಅಣ್ಣಾ, ಮನೇಲಿ ಒಂದು ಸಾವಾಗಿದೆ, ಅತ್ತೆಗೆ ಶುಗರ್. ನಾನು ಬರಲೇಬೇಕು ಅಂತ ಆಸೆ. ನೀನು ಎ.ಸಿ. ಆರಿಸಿ ಬಾಗಿಲೆಲ್ಲ ತೆಗೆಸು, ಊಟ ಹೊರಗೆ ಶಾಮಿಯಾನದಲ್ಲಿ ಹಾಕಿಸು, ಪಂಕ್ತಿ ಎರಡಾಗಲಿ ಮೂರಾಗಲಿ. ಅಷ್ಟಾದರೆ ಮುಹೂರ್ತಕ್ಕೆ ನಾನು ಹಾಜರು." ಸೋದರತ್ತೆಗೆ ಇಷ್ಟು ಕೇಳುವ ಅಧಿಕಾರವಿದೆ. ಊಟಕ್ಕೆ ನಿಲ್ಲದೆ ಹೊರಟರೆ ಅತ್ತಿಗೆ ಮುನಿಸಿಕೊಂಡಾರು, ಬುತ್ತಿ ಕಟ್ಟಿಸಿಕೊಂಡು ಬನ್ನಿ. ಕಟ್ಟಿಕೊಡುವ ಗಡಿಬಿಡಿಯಲ್ಲಿ ಮುನಿಸು ಮರೆಯುತ್ತದೆ.

ಮೈ ಮೇಲೆ ಬಿದ್ದು ಮಾತಾಡುವ ನಂಟರಿಗೆ ಒಂದು ಸುಳ್ಳು ಹೇಳಿಕೊಡಲೇ? "ದೂರ ಇರಿ" ಎಂದರೆ ಸಿಟ್ಟಾಗುತ್ತಾರೆ. "ನನಗೇ ಯಾಕೋ ನಿನ್ನೆಯಿಂದ ಗಂಟಲು ಸರಿ ಇಲ್ಲ, ನಿಮಗೆ ಅಂಟಬಾರದಲ್ಲ" ಎನ್ನಿ. ಮೂರು ಹೆಜ್ಜೆ ಹಿಂದೆ ಹೋಗುತ್ತಾರೆ, ಮಾಸ್ಕನ್ನೂ ಮೇಲೆಳೆದುಕೊಳ್ಳುತ್ತಾರೆ. ಸಲಹೆ ಕೊಡುವವಳು ಸುಳ್ಳು ಕಲಿಸಬಾರದು ಎಂದು ಯಾರಾದರೂ ಆಕ್ಷೇಪಿಸಿದರೆ ನನಗೆ ಬರೆಯಲಿ. ಗಂಟಲು ನಿಜವಾಗಿಯೂ ಸರಿ ಇಲ್ಲದಿದ್ದರೆ ಮಾತ್ರ ಹೊರಡಲೇ ಬೇಡಿ, ಅವತ್ತು ಮುಹೂರ್ತವಿದ್ದರೂ.

ಬಂದ ಮೇಲೆ ಐದಾರು ದಿನ ಅತ್ತೆಯ ಜೊತೆ ಮಾಸ್ಕ್ ಹಾಕಿಕೊಂಡೇ ಇರಿ, ಅವರ ಕೋಣೆಯ ಕಿಟಕಿ ತೆರೆದಿಡಿ, ಊಟ ಬೇರೆ ಹೊತ್ತಿಗೆ ಮಾಡಿ. ಏನಾದರೂ ಲಕ್ಷಣ ಕಂಡರೆ ಆ ದಿನವೇ ಪರೀಕ್ಷೆ ಮಾಡಿಸಿ. ಕಷಾಯ ಕುಡಿಯಿರಿ, ಬೇಡವೆನ್ನಲಾರೆ, ಆದರೆ ಕಷಾಯ ಕುಡಿದೆನಲ್ಲ ಎಂದು ಪರೀಕ್ಷೆ ಮುಂದೆ ಹಾಕಬೇಡಿ.

ಇನ್ನು ನಿಮ್ಮ ಮಾಸ್ಕ್. ಹೊಲಿಗೆ ಅಚ್ಚುಕಟ್ಟು, ಮೂರು ಪದರ ಹಾಕಿದ್ದೀರಿ, ಒಳಗಿನ ಹತ್ತಿ ಮೆತ್ತಗಿದೆ. ಆದರೆ ಹಾಕಿಕೊಂಡು ಇಷ್ಟು ಬರೆಯುವಷ್ಟರಲ್ಲಿ ನನ್ನ ಕನ್ನಡಕ ನಾಲ್ಕು ಸಲ ಮಂಜಾಯಿತು. ಅಂದರೆ ಉಸಿರು ಮೂಗಿನ ಪಕ್ಕದಿಂದ ಮೇಲಕ್ಕೆ ಸೋರುತ್ತಿದೆ, ಹೋದ ದಾರಿಯಲ್ಲೇ ಒಳಕ್ಕೂ ಬರುತ್ತದೆ. ಬ್ಲೌಸಿನ ಕಂಕುಳಲ್ಲಿ ಇಷ್ಟು ಸಡಿಲ ಬಿಟ್ಟಿದ್ದರೆ ನಿಮ್ಮ ಗಿರಾಕಿಗಳು ಸುಮ್ಮನಿರುತ್ತಿದ್ದರೇ? ಮೇಲಂಚಿನ ಮಡಿಕೆಯೊಳಗೆ ಒಂದು ತೆಳು ತಂತಿ ಸೇರಿಸಿ, ಮೂಗಿನ ಮೇಲೆ ಒತ್ತಿದರೆ ಕೂರುವಂತೆ. ಕೆನ್ನೆಯ ಹತ್ತಿರ ಎರಡೂ ಕಡೆ ಕಾಲಿಂಚು ಒಳಗೆ ಹಿಡಿಯಿರಿ. ನೀವು ಛತ್ರಕ್ಕೆ, ಕ್ಲಿನಿಕ್ಕಿಗೆ ಹೋಗುವಾಗ ಇದೊಂದೇ ಬೇಡ, ಒಳಗೆ ಸರ್ಜಿಕಲ್ ಮಾಸ್ಕ್ ಹಾಕಿ ಅದರ ಮೇಲೆ ಇದನ್ನು ಕಟ್ಟಿ, ಇಲ್ಲವೇ ಕವಾಟವಿಲ್ಲದ ಎನ್-95 ಹಾಕಿ. ಎನ್-95 ಒಗೆಯಬೇಡಿ, ಒಗೆದರೆ ಕೆಡುತ್ತದೆ. ನಾಲ್ಕೈದು ಇಟ್ಟುಕೊಂಡು ದಿನಕ್ಕೊಂದರಂತೆ ಸರದಿ ಹಾಕಿ, ಬಿಚ್ಚಿದ್ದನ್ನು ಕಾಗದದ ಕವರಿನಲ್ಲಿಡಿ.

ಸರಿಪಡಿಸಿದ್ದನ್ನು ನನಗೂ ಒಂದು ಕಳಿಸಿ. ನನ್ನ ಮೂಗು ಸ್ವಲ್ಪ ಉದ್ದ, ಅದಕ್ಕೆ ಅರ್ಧ ಇಂಚು ಹೆಚ್ಚು ಬಿಡಿ. ಜರಿ ಇರಲಿ.